ನಾಯಿಗೂ ಒಂದು ಕೆಲಸವಿತ್ತು

"ನಾಯಿಗೆ ಕೆಲಸವಿಲ್ಲ, ಕೂರಲು ಪುರುಸೊತ್ತಿಲ್ಲ" ಎಂಬ ಗಾದೆ ನಮಗೆಲ್ಲ ಗೊತ್ತಿರುವುದೇ. ಊರ ಬೀದಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಗೊತ್ತುಗುರಿಯಿಲ್ಲದೆ ಸುತ್ತುವ ನಾಯಿಯನ್ನು ನೋಡಿ ಯಾರೋ ಹಿರಿಯರು ಕಟ್ಟಿದ ಮಾತಿರಬೇಕು. ಆದರೆ ನಾವು ಬಂದು ನೆಲೆಸಿರುವ ಈ ಇಂಗ್ಲೆಂಡಿನ ನಾಯಿಗಳ ಚರಿತ್ರೆಯನ್ನು ಓದುತ್ತಾ ಹೋದರೆ ಗಾದೆಯನ್ನು ತಿದ್ದಬೇಕೆನಿಸುತ್ತದೆ. ಇಲ್ಲಿ ನಾಯಿಗೆ ಕೈತುಂಬ, ಅಲ್ಲ, ಕಾಲುತುಂಬ ಕೆಲಸವಿತ್ತು. ಕೂರಲು ಪುರುಸೊತ್ತು ಸಿಕ್ಕಿದ್ದು ತೀರಾ ಈಚೆಗೆ. ಅದರ ಕಷ್ಟ ಶುರುವಾದದ್ದೂ ಅಲ್ಲಿಂದಲೇ.

ಈ ಮಾತು ಈಗ ಯಾಕೆಂದರೆ, ನಮ್ಮ ಬಳಗದ ಮನೆಗಳಲ್ಲಿ ಮಕ್ಕಳಿಗೆ ಏಳೆಂಟು ವರ್ಷ ತುಂಬಿತೆಂದರೆ "ಅಪ್ಪಾ, ನಾವೂ ಒಂದು ನಾಯಿ ತರೋಣ" ಎಂಬ ರಾಗ ಏಳುತ್ತದೆ. ಅಪ್ಪ ಅಮ್ಮ ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಬಾಗಿಲು ಹಾಕಿಕೊಂಡು ಹೋದರೆ ಮರಳುವುದು ಸಂಜೆ ಆರಕ್ಕೆ. ಇಂಥ ಮನೆಗೆ ಎಂಥ ನಾಯಿ ಹೊಂದುತ್ತದೆ? ಅಂಗಡಿಯ ಬೊಂಬೆಯಂತೆ ಮುಖ ನೋಡಿ ಆರಿಸುವ ಮೊದಲು, ಈ ದೇಶದವರು ತಮ್ಮ ನಾಯಿಗಳನ್ನು ಯಾತಕ್ಕಾಗಿ ಸಾಕಿದರು ಎಂದು ನೋಡುವುದು ಒಳ್ಳೆಯದು.

1570ರಲ್ಲಿ ಜಾನ್ ಕೀಸ್ ಎಂಬ ವೈದ್ಯ ಇಂಗ್ಲೆಂಡಿನ ನಾಯಿಗಳ ಬಗ್ಗೆ ಲ್ಯಾಟಿನ್ ಭಾಷೆಯಲ್ಲಿ ಒಂದು ಪುಟ್ಟ ಪುಸ್ತಕ ಪ್ರಕಟಿಸಿದ. ಕೇಂಬ್ರಿಡ್ಜಿನ ಗಾನ್ವಿಲ್ ಅಂಡ್ ಕೀಸ್ ಕಾಲೇಜಿನ ಹೆಸರಿನಲ್ಲಿರುವ ಕೀಸ್ ಈತನೇ. 1576ರಲ್ಲಿ ಅದು ಇಂಗ್ಲಿಷಿಗೂ ಬಂತು. ಆತ ನಾಯಿಗಳನ್ನು ವಿಂಗಡಿಸಿದ್ದು ಹೆಚ್ಚಾಗಿ ಕಸುಬಿನಿಂದ. ವಾಸನೆ ಹಿಡಿದು ಬೇಟೆಯಾಡುವವು, ಕಣ್ಣಿನಿಂದ ನೋಡಿ ಅಟ್ಟುವವು, ಕುರಿ ಕಾಯುವವು, ಮನೆ ಕಾಯುವವು, ಅಡಿಗೆಮನೆಯಲ್ಲಿ ದುಡಿಯುವವು. ಸಿರಿವಂತ ಹೆಂಗಸರ ಮಡಿಲ ನಾಯಿಗೂ ಆತ ಒಂದು ಕೆಲಸ ಹೇಳಿದ್ದಾನೆ. ಅದನ್ನು ಹೊಟ್ಟೆಗೆ ಅವುಚಿಕೊಂಡರೆ ಅದರ ಬಿಸುಪಿನಿಂದ ಹೊಟ್ಟೆನೋವು ಶಮನವಾಗುತ್ತದಂತೆ!

ಅಡಿಗೆಮನೆಯ ನಾಯಿಯ ಕಥೆ ಕೇಳಿದರೆ ನಮಗೆ ನಂಬುವುದೇ ಕಷ್ಟ. ಬೆಂಕಿಯ ಮುಂದೆ ಮಾಂಸ ಚುಚ್ಚಿದ ಸಲಾಕೆಯನ್ನು ತಾಸುಗಟ್ಟಲೆ ತಿರುಗಿಸುತ್ತಲೇ ಇರಬೇಕು. ಅದಕ್ಕಾಗಿ ಗೋಡೆಯ ಮೇಲೆ ಮರದ ಚಕ್ರವೊಂದನ್ನು ಜೋಡಿಸಿ, ಅದರೊಳಗೆ ಮೋಟುಗಾಲಿನ ನಾಯಿಯನ್ನು ಬಿಡುತ್ತಿದ್ದರು. ನಾಯಿ ಓಡಿದಂತೆ ಚಕ್ರ, ಚಕ್ರ ತಿರುಗಿದಂತೆ ಸಲಾಕೆ. ದೊಡ್ಡ ಮನೆಗಳಲ್ಲಿ ಎರಡು ನಾಯಿಗಳು ಪಾಳಿಯ ಮೇಲೆ ದುಡಿಯುತ್ತಿದ್ದವು. ಮುಂದೆ ಯಂತ್ರಗಳು ಬಂದವು, ನಾಯಿಯ ಕೆಲಸ ಹೋಯಿತು. ಕೆಲಸ ಹೋದ ಮೇಲೆ ತಳಿಯೂ ಹೋಯಿತು. ವೇಲ್ಸಿನ ಅಬರ್ಗವೆನಿ ವಸ್ತುಸಂಗ್ರಹಾಲಯದಲ್ಲಿ ವಿಸ್ಕಿ ಎಂಬ ಹೆಸರಿನ ಅಂಥದೊಂದು ನಾಯಿಯ ದೇಹವನ್ನು ಕಾದಿರಿಸಿದ್ದಾರೆ. ಪಾಪದ ಪ್ರಾಣಿ, ಅದರ ಬಾಳು ಸುಖದ್ದೆಂದು ಯಾರೂ ಹೇಳಲಾರರು. ಆದರೆ ಅದು ಒಂಟಿಯಾಗಿರಲಿಲ್ಲ.

ನಮ್ಮ ನಾಡಿನಲ್ಲೂ ಮೆಚ್ಚಿನ ನಾಯಿಯೆಂದರೆ ಜೊತೆಗೆ ದುಡಿದ ನಾಯಿಯೇ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ನೆನೆಯಿರಿ. ಕ್ರಿ.ಶ. 949-50ರ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಏನು ಬೇಕೆಂದು ಕೇಳಿದಾಗ, ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಆ ಕಾಳಿ ಕಾಡುಹಂದಿಯೊಡನೆ ಸೆಣಸಿತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ನಾಯಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆ ಕಲ್ಲು ಇದೆ. ಇನ್ನು ನಮ್ಮ ಹಳ್ಳಿಯ ಸಾಮಾನ್ಯ ನಾಯಿಗೆ ಇಂಥ ಗೌರವವೇನೂ ಇರಲಿಲ್ಲ. ಹಿತ್ತಲಲ್ಲಿ ಹಾಕಿದ ಮುದ್ದೆಯ ಚೂರು ತಿಂದು ಜಗಲಿಯ ಕೆಳಗೆ ಮಲಗುವುದು, ದನದ ಹಿಂದೆ ಹೊಲಕ್ಕೆ ಹೋಗುವುದು, ಅಷ್ಟೇ. ಒಳಗೆ ಬಂದರೆ ಅಜ್ಜಿ ಗದರುತ್ತಿದ್ದರು. ಆದರೆ ಅದನ್ನು ಬಾಗಿಲು ಹಾಕಿ ಹತ್ತು ತಾಸು ಕೂಡಿಹಾಕುವ ಪದ್ಧತಿ ನಮ್ಮಲ್ಲೂ ಇರಲಿಲ್ಲ.

ಹಾಗಾದರೆ ನಾಯಿ ಒಂಟಿಯಾದದ್ದು ಯಾವಾಗ? ಮನುಷ್ಯನ ಕೆಲಸ ಮನೆಬಿಟ್ಟು ಹೋದಾಗ. ಕೈಗಾರಿಕಾ ಕ್ರಾಂತಿಗೆ ಮುಂಚೆ ನೇಕಾರನ ಮಗ್ಗ ಮನೆಯಲ್ಲಿತ್ತು, ರೈತನ ಹೊಲ ಮನೆಯ ಪಕ್ಕದಲ್ಲಿತ್ತು. ಕಾರ್ಖಾನೆ, ಕಚೇರಿ, ರೈಲು ಬಂದ ಮೇಲೆ ಯಜಮಾನ ಬೆಳಿಗ್ಗೆ ಹೊರಟರೆ ನಾಯಿಗೆ ಹಿಂದೆ ಹೋಗಲು ಜಾಗವಿಲ್ಲ. ಅದೇ ಹೊತ್ತಿನಲ್ಲಿ ಅದರ ಹಳೆಯ ಕಸುಬುಗಳೂ ಒಂದೊಂದಾಗಿ ಕಳಚಿದವು. ಬಡ ವ್ಯಾಪಾರಿಗಳು ನಾಯಿಗಳಿಂದ ಎಳೆಸುತ್ತಿದ್ದ ಗಾಡಿಗಳನ್ನು ಲಂಡನ್ನಿನಲ್ಲಿ 1839ರ ಕಾಯಿದೆ, ದೇಶದಾದ್ಯಂತ 1854ರ ಕಾಯಿದೆ ನಿಷೇಧಿಸಿದವು. ದಯೆಯ ಕಾನೂನುಗಳೇ, ಸಂದೇಹವಿಲ್ಲ.

ಕೆಲಸ ಹೋದ ಮೇಲೆ ರೂಪಕ್ಕೆ ಬೆಲೆ ಬಂತು. 1859ರಲ್ಲಿ ನ್ಯೂಕ್ಯಾಸಲ್ ಪಟ್ಟಣದಲ್ಲಿ ನಾಯಿಗಳ ಪ್ರದರ್ಶನ ಸ್ಪರ್ಧೆ ನಡೆಯಿತು. ಸೇರಿದ್ದು 60ರಷ್ಟು ಬೇಟೆನಾಯಿಗಳು, ಬಹುಮಾನ ಬಂದೂಕು! 1873ರಲ್ಲಿ ಕೆನೆಲ್ ಕ್ಲಬ್ ಹುಟ್ಟಿತು. ಕಿವಿ ಹೇಗಿರಬೇಕು, ಬಾಲ ಎಷ್ಟಿರಬೇಕು ಎಂಬ ಲೆಕ್ಕಾಚಾರ ಬೆಳೆಯಿತು. ಅತ್ತ 1860ರಲ್ಲಿ ಮೇರಿ ಟೀಲ್ಬಿ ಎಂಬ ಮಹಿಳೆ ಲಂಡನ್ನಿನ ಹಾಲೋವೇಯಲ್ಲಿ ದಿಕ್ಕಿಲ್ಲದ ನಾಯಿಗಳಿಗಾಗಿ ಒಂದು ಆಶ್ರಯ ತೆರೆದರು. 1871ರಲ್ಲಿ ಬ್ಯಾಟರ್ಸಿಗೆ ಹೋದ ಆ ಸಂಸ್ಥೆ ಇಂದಿಗೂ ಇದೆ. ಒಂದೇ ವರ್ಷದ ಅಂತರದಲ್ಲಿ ಒಂದು ಕಡೆ ನಾಯಿಗೆ ಬಹುಮಾನ, ಇನ್ನೊಂದು ಕಡೆ ನಾಯಿಗೆ ಅನಾಥಾಶ್ರಮ. ಆಧುನಿಕ ಕಾಲ ಎಂದರೆ ಇದೇ ಏನೋ!

ನಾಯಿಯ ಬಾಲವನ್ನು ನಳಿಗೆಯಲ್ಲಿಟ್ಟರೂ ಡೊಂಕೇ ಎನ್ನುತ್ತೇವಲ್ಲ, ಹಾಗೆ ಕಸುಬು ಹೋದರೂ ಕಸುಬಿನ ಗುಣ ಹೋಗಲಿಲ್ಲ. ನಾವು ಆರಿಸುವಾಗ ನೋಡಬೇಕಾದದ್ದು ಇದನ್ನೇ.

ಬಾರ್ಡರ್ ಕೋಲಿಯನ್ನು ತೆಗೆದುಕೊಳ್ಳಿ. ಇಂದಿನ ಕೋಲಿಗಳು ತಮ್ಮ ವಂಶವನ್ನು ನಾರ್ಥಂಬರ್ಲೆಂಡಿನ ಆಡಮ್ ಟೆಲ್ಫರ್ ಬೆಳೆಸಿದ ಓಲ್ಡ್ ಹೆಂಪ್ ಎಂಬ ನಾಯಿಗೆ ಕೊಂಡೊಯ್ಯುತ್ತವೆ. ಅದು ಹುಟ್ಟಿದ್ದು 1893ರಲ್ಲಿ. ದಿನವಿಡೀ ಬೆಟ್ಟಗುಡ್ಡಗಳಲ್ಲಿ ಕುರಿಗಳನ್ನು ತಿರುಗಿಸುವ, ಕುರುಬನ ಒಂದು ಸಿಳ್ಳೆಗೆ ಕಾಯುವ ಬುದ್ಧಿ ಅದರದು. ಅದನ್ನು ಖಾಲಿ ಮನೆಯಲ್ಲಿಟ್ಟರೆ ಸೋಫಾವನ್ನೇ ಕುರಿಯೆಂದು ತಿಳಿದು ಚಿಂದಿ ಮಾಡಿದರೆ ತಪ್ಪು ಯಾರದು? ಬೀಗಲ್ ಹಿಂಡಿನಲ್ಲಿ ಮೊಲದ ಜಾಡು ಹಿಡಿದು ಕೂಗುತ್ತಾ ಓಡಲೆಂದು ಬೆಳೆಸಿದ ನಾಯಿ. ಒಂಟಿ ಬಿಟ್ಟರೆ ಕೂಗುತ್ತದೆ, ಪಕ್ಕದ ಮನೆಯವರು ಪತ್ರ ಬರೆಯುತ್ತಾರೆ. ಡೆವನ್ನಿನ ಪಾದ್ರಿ ಜಾನ್ ರಸೆಲ್ (1795-1883) ಹೆಸರಿನ ಟೆರಿಯರ್ ಬಿಲದಿಂದ ನರಿಯನ್ನು ಎಬ್ಬಿಸುವ ನಾಯಿ. ಅದಕ್ಕೆ ನಿಮ್ಮ ಹೂದೋಟವೇ ಬಿಲ. ಲ್ಯಾಬ್ರಡಾರ್‌ನ ಹಿರಿಯರು ನ್ಯೂಫೌಂಡ್ಲೆಂಡಿನ ಬೆಸ್ತರ ಜೊತೆ ದುಡಿದವರು. ಸಾಧು ನಿಜ, ಆದರೆ ಮನುಷ್ಯರ ಬಳಗ ಬೇಕೇ ಬೇಕು.

"ಹಾಗಾದರೆ ಚಿಕ್ಕ ನಾಯಿ ತರೋಣ, ಮೂಲೆಯಲ್ಲಿ ಬಿದ್ದಿರುತ್ತದೆ" ಎನ್ನುವವರಿದ್ದಾರೆ. ಇಲ್ಲೇ ಎಡವುವುದು. ಎರಡನೆಯ ಚಾರ್ಲ್ಸ್ ದೊರೆಯ ಹೆಸರು ಹೊತ್ತ ಸ್ಪಾನಿಯಲ್‌ಗಳಂಥ ಮಡಿಲ ನಾಯಿಗಳ ಕಸುಬೇ ಮಡಿಲಲ್ಲಿರುವುದು! ಮಡಿಲಿಲ್ಲದ ಮನೆಯಲ್ಲಿ ಅವು ನಿರುದ್ಯೋಗಿಗಳು. ಬದಲಿಗೆ, ಎತ್ತರದ ಗ್ರೇಹೌಂಡ್ ನೋಡಿ ಹೆದರುವವರಿಗೆ ಗೊತ್ತಿರದ ಸಂಗತಿಯೆಂದರೆ, ಅದು ಕ್ಷಣಕಾಲ ಬಾಣದಂತೆ ಓಡಿ ಉಳಿದ ಹೊತ್ತು ನಿದ್ರಿಸುವ ಪ್ರಾಣಿ. 1926ರಲ್ಲಿ ಮ್ಯಾಂಚೆಸ್ಟರಿನ ಬೆಲ್ ವ್ಯೂನಲ್ಲಿ ಬ್ರಿಟನ್ನಿನ ಗ್ರೇಹೌಂಡ್ ಪಂದ್ಯಗಳು ಶುರುವಾದವು. ಪಂದ್ಯದಿಂದ ನಿವೃತ್ತವಾದ ನಾಯಿಗಳಿಗೆ ಮನೆ ಹುಡುಕಿಕೊಡುವ ಸಂಸ್ಥೆಗಳು ಇಲ್ಲಿವೆ. ಮರಿಗಿಂತ ಇಂಥ ಪ್ರಾಯದ, ಸಮಾಧಾನದ ನಾಯಿ ದುಡಿಯುವವರ ಮನೆಗೆ ಹೆಚ್ಚು ಒಗ್ಗೀತು. ಹಾಗೆಂದು ಅದನ್ನೂ ದಿನವಿಡೀ ಬಿಡಲಾಗದು. ಬೆಕ್ಕು, ಮೊಲ ಇರುವ ಮನೆಯವರಂತೂ ವಿಚಾರಿಸಿಯೇ ತರಬೇಕು.

ಎಷ್ಟು ಹೊತ್ತು ಬಿಡಬಹುದು? ಇಲ್ಲಿನ ಪ್ರಾಣಿದಯಾ ಸಂಸ್ಥೆಗಳು ಸಾಮಾನ್ಯವಾಗಿ ಹೇಳುವ ಲೆಕ್ಕ, ಬೆಳೆದ ನಾಯಿಗೆ ಒಂದು ಸಲಕ್ಕೆ ಹೆಚ್ಚೆಂದರೆ ನಾಲ್ಕು ಗಂಟೆ. ಮರಿಗೆ ಅದಕ್ಕಿಂತ ಬಹಳ ಕಡಿಮೆ. ಸ್ವೀಡನ್ನಿನಲ್ಲಿ ಹಗಲು ಹೊತ್ತು ಆರು ಗಂಟೆಗೊಮ್ಮೆಯಾದರೂ ನಾಯಿಯನ್ನು ಹೊರಗೆ ಕರೆದೊಯ್ಯಬೇಕೆಂದು ನಿಯಮವೇ ಇದೆ. ನಮ್ಮದು ಎಂಟರಿಂದ ಆರು, ಅಂದರೆ ಹತ್ತು ಗಂಟೆ. ಈ ಹತ್ತನ್ನು ಮುರಿಯುವ ದಾರಿ ಮೊದಲು ಹುಡುಕಬೇಕು. ಗಂಡಹೆಂಡಿರು ಬೇರೆ ಬೇರೆ ದಿನ ಮನೆಯಿಂದ ಕೆಲಸ ಮಾಡುವುದು, ಮಧ್ಯಾಹ್ನ ನಡೆಸಿಕೊಂಡು ಹೋಗುವವರನ್ನು ಗೊತ್ತು ಮಾಡುವುದು, ಹಗಲು ನೋಡಿಕೊಳ್ಳುವ ಕೇಂದ್ರಕ್ಕೆ ಬಿಡುವುದು. ಇವಕ್ಕೆ ತಿಂಗಳಿಗೆ ಎಷ್ಟಾಗುತ್ತದೆ ಎಂದು ಮೊದಲೇ ಕಾಗದದ ಮೇಲೆ ಬರೆಯಿರಿ. ಊರಿಗೆ ಹೋಗುವ ನಾಲ್ಕು ವಾರ ಯಾರ ಬಳಿ ಬಿಡುತ್ತೀರಿ ಎಂಬುದನ್ನೂ ಅದೇ ಕಾಗದದಲ್ಲಿ ಸೇರಿಸಿ.

ನಾಯಿ ಬಾಳಿನುದ್ದಕ್ಕೂ, ಬರೀ ಕ್ರಿಸ್ಮಸ್ಸಿಗಲ್ಲ ಎಂಬ ಘೋಷಣೆ ಈ ದೇಶದಲ್ಲಿ ಹುಟ್ಟಿದ್ದು 1978ರಲ್ಲಿ. ಅದನ್ನು ಎಲ್ಲರೂ ಕೇಳಿದ್ದರೂ, 2020ರ ಲಾಕ್‌ಡೌನ್ ಕಾಲದಲ್ಲಿ ಮನೆಯಲ್ಲೇ ಕುಳಿತಿದ್ದ ಎಷ್ಟೋ ಜನ ಮರಿಗಳನ್ನು ತಂದರು. ಹಗಲೆಲ್ಲ ಜನರ ನಡುವೆ ಬೆಳೆದ ಆ ಮರಿಗಳಿಗೆ, ಕಚೇರಿಗಳು ತೆರೆದಾಗ ಒಮ್ಮೆಗೇ ಖಾಲಿ ಮನೆ ಎದುರಾಯಿತು. ಸುಮಾರು ನೂರೈವತ್ತು ವರ್ಷಗಳಲ್ಲಿ ನಿಧಾನವಾಗಿ ನಡೆದದ್ದು ಅವಕ್ಕೆ ಒಂದೇ ಬೆಳಗಿನಲ್ಲಿ ನಡೆಯಿತು.

ಆದ್ದರಿಂದ "ಯಾವ ನಾಯಿ?" ಎಂದು ಮಕ್ಕಳು ಕೇಳಿದರೆ, "ಅದಕ್ಕೆ ಏನು ಕೆಲಸ ಕೊಡ್ತೀಯ, ಯಾವ ಹೊತ್ತಿನಲ್ಲಿ?" ಎಂದು ನಾವು ತಿರುಗಿ ಕೇಳೋಣ. ಉತ್ತರ ಸಿಗದಿದ್ದರೆ ಒಂದೆರಡು ವರ್ಷ ತಡೆಯುವುದರಲ್ಲಿ ನಷ್ಟವೇನೂ ಇಲ್ಲ. ಅಲ್ಲಿಯವರೆಗೆ ಇನ್ನೊಂದು ದಾರಿಯಿದೆ. ವಯಸ್ಸಾದವರ, ಕಾಯಿಲೆಯವರ ನಾಯಿಗಳನ್ನು ಸ್ವಯಂಸೇವಕರಿಂದ ನಡೆದಾಡಿಸುವ ಸಿನಮನ್ ಟ್ರಸ್ಟ್ ಎಂಬ ಸಂಸ್ಥೆ 1985ರಲ್ಲಿ ಇಲ್ಲಿ ಆರಂಭವಾಯಿತು. ನೀವು ಅಲ್ಲಿ ಹೆಸರು ಕೊಟ್ಟು, ಶನಿವಾರ ಬೆಳಿಗ್ಗೆ ಮಗುವನ್ನೂ ಜೊತೆಗೆ ಕರೆದೊಯ್ಯಬಹುದೇ ಎಂದು ವಿಚಾರಿಸಿ. ಮಳೆಯಲ್ಲಿ ನಾಲ್ಕು ವಾರ ನಡೆದ ಮೇಲೂ ಮಗುವಿನ ರಾಗ ಬದಲಾಗದಿದ್ದರೆ, ಆಗ ಕುಳಿತು ಮಾತಾಡಬಹುದು.