ಒಂದು ಶಿಲಿಂಗಿನ ಅವಮಾನ

‘ಒಂದು ವೆಬ್‌ಸೈಟ್ ಮಾಡಿಕೊಡೋಕೆ ಎಷ್ಟಾಗುತ್ತೆ?’ ಸ್ವತಂತ್ರವಾಗಿ ಕೆಲಸ ಮಾಡುವ ವಿನ್ಯಾಸಕಾರರು ಮತ್ತೆ ಮತ್ತೆ ಎದುರಿಸುವ ಪ್ರಶ್ನೆ ಇದು. ಬಣ್ಣ, ಅಕ್ಷರ, ಕೋಡ್ ಎಲ್ಲದರ ಬಗ್ಗೆ ನಿರರ್ಗಳವಾಗಿ ಮಾತಾಡುವವರೂ ಇಲ್ಲಿಗೆ ಬಂದಾಗ ತಡವರಿಸುತ್ತಾರೆ. ಕಡಿಮೆ ಹೇಳಿದರೆ ಮನೆ ಬಾಡಿಗೆಗೆ ಸಾಲುವುದಿಲ್ಲ, ಹೆಚ್ಚು ಹೇಳಿದರೆ ಕೆಲಸ ಇನ್ನೊಬ್ಬರ ಪಾಲಾಗುತ್ತದೆ. ಅಕ್ಕಿಯನ್ನು ಸೇರಿನಿಂದ ಅಳೆಯಬಹುದು, ಬಟ್ಟೆಯನ್ನು ಮೀಟರಿನಿಂದ, ಗೋಡೆಗೆ ಬಳಿಯುವ ಬಣ್ಣವನ್ನು ಚದರಡಿಯಿಂದ. ವಿನ್ಯಾಸವನ್ನು ಯಾವುದರಿಂದ ಅಳೆಯುವುದು? ವೆಬ್ ಹುಟ್ಟಿ ಇನ್ನೂ ನಾಲ್ಕು ದಶಕವೂ ತುಂಬಿಲ್ಲ. ಆದರೆ ಈ ಪ್ರಶ್ನೆಗೆ ಸಾವಿರಾರು ವರ್ಷ ವಯಸ್ಸಾಗಿದೆ.

ಕ್ರಿ.ಶ. 301ರಲ್ಲಿ ರೋಮಿನ ಚಕ್ರವರ್ತಿ ಡಯೋಕ್ಲೀಷಿಯನ್ ಬೆಲೆ ಏರಿಕೆಯನ್ನು ತಡೆಯಲು ಒಂದು ಶಾಸನ ಹೊರಡಿಸಿದ. ನೂರಾರು ಸರಕುಗಳಿಗೂ ಕೆಲಸಗಳಿಗೂ ಅದರಲ್ಲಿ ಗರಿಷ್ಠ ಬೆಲೆ ಗೊತ್ತುಮಾಡಲಾಗಿತ್ತು. ಪುಸ್ತಕ ನಕಲು ಮಾಡುವ ಲಿಪಿಕಾರನಿಗೆ ಉತ್ತಮ ದರ್ಜೆಯ ಬರಹವಾದರೆ ನೂರು ಸಾಲಿಗೆ 25 ದಿನಾರಿ, ಎರಡನೆಯ ದರ್ಜೆಯದಾದರೆ 20. ಅರ್ಜಿ, ದಸ್ತಾವೇಜು ಬರೆಯುವವನಿಗೆ ಅಷ್ಟೇ ಸಾಲಿಗೆ 10. ಗೋಡೆಗೆ ಬಣ್ಣ ಬಳಿಯುವವನಿಗೆ ಊಟ ಕೊಟ್ಟು ದಿನಕ್ಕೆ 75 ದಿನಾರಿಯಾದರೆ, ಅದೇ ಗೋಡೆಯ ಮೇಲೆ ಚಿತ್ರ ಬರೆಯುವವನಿಗೆ 150.

ಈ ಪಟ್ಟಿಯನ್ನು ಇಂದಿನ ವಿನ್ಯಾಸಕಾರರು ಓದಿದರೆ ಪರಿಚಿತ ಮುಖ ಕಂಡಂತಾಗುತ್ತದೆ. ಲಿಪಿಕಾರನದು ಎಣಿಕೆಯ ದರ, ಚಿತ್ರಕಾರನದು ದಿನಗೂಲಿ. ‘ಪುಟಕ್ಕೆ ಇಷ್ಟು’ ಮತ್ತು ‘ಗಂಟೆಗೆ ಇಷ್ಟು’ ಎಂಬ ನಮ್ಮ ಕಾಲದ ಎರಡು ದಾರಿಗಳೂ ಅಲ್ಲಿ ಆಗಲೇ ಇವೆ. ಅಕ್ಷರ ಚೆನ್ನಾಗಿದ್ದರೆ ನೂರು ಸಾಲಿಗೆ ಐದು ದಿನಾರಿ ಹೆಚ್ಚು ಎಂಬಲ್ಲಿ ಗುಣಮಟ್ಟವನ್ನೂ ಅಂಕಿಗೆ ಇಳಿಸುವ ಪ್ರಯತ್ನವಿದೆ. ಆದರೆ ಯಾವ ಅಕ್ಷರ ಉತ್ತಮ, ಯಾವುದು ಎರಡನೆಯ ದರ್ಜೆಯದು ಎಂದು ತೀರ್ಮಾನಿಸುವವರು ಯಾರು? ಜಗಳ ಶುರುವಾಗುವುದೇ ಅಲ್ಲಿಂದ. ಶಾಸನವನ್ನು ಮೀರಿದವರಿಗೆ ಮರಣದಂಡನೆಯ ಬೆದರಿಕೆಯಿತ್ತು. ಆದರೂ ಅದು ಹೆಚ್ಚು ಕಾಲ ನಡೆಯಲಿಲ್ಲ. ಸರಕುಗಳು ಸಂತೆಯಿಂದಲೇ ಮಾಯವಾದವು ಎಂದು ಚಕ್ರವರ್ತಿಯ ಕಡುವಿರೋಧಿಯಾಗಿದ್ದ ಲ್ಯಾಕ್ಟಾಂಟಿಯಸ್ ಬರೆದಿದ್ದಾನೆ.

ಬೆಲೆಯನ್ನು ಪ್ರಭುತ್ವ ಕಟ್ಟದಿದ್ದರೆ ಕೊಡುವವನೂ ಮಾಡುವವನೂ ಎದುರುಬದುರು ಕೂತು ಕಟ್ಟಿಕೊಳ್ಳಬೇಕು. ಹಾಗೆ ಕೂರದೇ ಹೋದರೆ ಏನಾಗುತ್ತದೆ ಎಂಬುದಕ್ಕೆ ಲಂಡನ್ನಿನ ಒಂದು ಊಟದ ಕೋಣೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಫ್ರೆಡರಿಕ್ ಲೇಲ್ಯಾಂಡ್ ಲಿವರ್‌ಪೂಲಿನ ಹಡಗು ಉದ್ಯಮಿ. ಲಂಡನ್ನಿನ ಪ್ರಿನ್ಸಸ್ ಗೇಟ್‌ನಲ್ಲಿದ್ದ ತನ್ನ ಮನೆಯ ಊಟದ ಕೋಣೆಯಲ್ಲಿ ಚೀನಾದ ನೀಲಿ-ಬಿಳಿ ಪಿಂಗಾಣಿ ಸಂಗ್ರಹವನ್ನು ಜೋಡಿಸುವ ಕೆಲಸವನ್ನು ಅವನು ಥಾಮಸ್ ಜೆಕಿಲ್ ಎಂಬ ವಿನ್ಯಾಸಕಾರನಿಗೆ ಒಪ್ಪಿಸಿದ್ದ. ಕೋಣೆಯಲ್ಲಿ ಜೇಮ್ಸ್ ವಿಸ್ಲರ್ ಬರೆದ ಒಂದು ದೊಡ್ಡ ಚಿತ್ರವೂ ಇತ್ತು. ಹೀಗಾಗಿ ಬಾಗಿಲು, ಕಿಟಕಿಗಳಿಗೆ ಯಾವ ಬಣ್ಣ ಹೊಂದುತ್ತದೆಂದು 1876ರಲ್ಲಿ ವಿಸ್ಲರನನ್ನು ಕೇಳಿದರು. ಗೋಡೆಗೆ ಹೊದಿಸಿದ್ದ ಹಳೆಯ ಚರ್ಮದ ಮೇಲಿನ ಕೆಂಪು ಹೂಗಳು ತನ್ನ ಚಿತ್ರಕ್ಕೆ ಒಗ್ಗುವುದಿಲ್ಲವೆಂದು ವಿಸ್ಲರ್ ಅಲ್ಲಿಷ್ಟು ಇಲ್ಲಿಷ್ಟು ತಿದ್ದಲು ಒಪ್ಪಿಗೆ ಪಡೆದ. ಲೇಲ್ಯಾಂಡ್ ಲಿವರ್‌ಪೂಲಿಗೆ ಹೋದ. ಮಾಲೀಕನಿಲ್ಲದ ಮನೆಯಲ್ಲಿ ವಿಸ್ಲರನ ಕುಂಚ ನಿಲ್ಲಲಿಲ್ಲ. ಬೆಲೆಬಾಳುವ ಚರ್ಮದ ಮೇಲೆ ನೀಲಿ ಬಿತ್ತು, ನೀಲಿಯ ಮೇಲೆ ಚಿನ್ನದ ಬಣ್ಣ ಬಿತ್ತು, ಕಿಟಕಿ ಬಾಗಿಲುಗಳ ತುಂಬ ನವಿಲುಗಳು ಗರಿ ಬಿಚ್ಚಿದವು. ಕೋಣೆ ನೋಡಲು ಜನರನ್ನೂ ಪತ್ರಿಕೆಯವರನ್ನೂ ಅವನೇ ಕರೆದ. ಕೊನೆಗೆ 2,000 ಗಿನಿ ಕೇಳಿದ.

ಲೇಲ್ಯಾಂಡ್ ಕಂಗಾಲಾದ. ಅವನು ಹೇಳಿದ್ದು ಒಂದಿಷ್ಟು ತಿದ್ದಲು, ಆಗಿದ್ದು ಇಡೀ ಕೋಣೆ. ಕಡೆಗೆ ಅರ್ಧ ಕೊಡಲು ಒಪ್ಪಿದ, ಆದರೆ ಗಿನಿಯಲ್ಲಲ್ಲ, ಪೌಂಡಿನಲ್ಲಿ. ಗಿನಿಗೆ 21 ಶಿಲಿಂಗ್, ಪೌಂಡಿಗೆ 20. ಸಾವಿರಕ್ಕೆ ಲೆಕ್ಕ ಹಾಕಿದರೆ 50 ಪೌಂಡಿನ ವ್ಯತ್ಯಾಸ. ಆದರೆ ಆ ಕಾಲದ ಇಂಗ್ಲೆಂಡಿನಲ್ಲಿ ಕಲಾವಿದರಿಗೂ ವೃತ್ತಿಪರರಿಗೂ ಗೌರವಧನ ಗಿನಿಯಲ್ಲಿ ಸಲ್ಲುತ್ತಿತ್ತು, ಕಸುಬುದಾರರಿಗೂ ಅಂಗಡಿಯವರಿಗೂ ಪೌಂಡಿನಲ್ಲಿ. ಅರ್ಧ ಹಣ ಹೋದದ್ದಕ್ಕಿಂತ ಈ ಒಂದೊಂದು ಶಿಲಿಂಗ್ ವಿಸ್ಲರನನ್ನು ಹೆಚ್ಚು ಚುಚ್ಚಿತು. ಕೋಣೆಯ ಗೋಡೆಯ ಮೇಲೆ ಅವನು ಕಾದಾಡುವ ಎರಡು ನವಿಲುಗಳನ್ನು ಬರೆದ. ಒಂದರ ಕಾಲ ಬಳಿ ಬೆಳ್ಳಿಯ ನಾಣ್ಯಗಳು ಚೆಲ್ಲಿವೆ. ಲೇಲ್ಯಾಂಡ್ ಉಳಿಸಿಕೊಂಡ ಶಿಲಿಂಗುಗಳು ಅವು. ಆ ಚಿತ್ರವನ್ನು ವಿಸ್ಲರ್ ‘ಕಲೆ ಮತ್ತು ಹಣ’ ಎಂದು ಕರೆದ.

ಈ ಕಥೆ ಹೇಳುವಾಗ ನಾವು ಸಾಮಾನ್ಯವಾಗಿ ಕಲಾವಿದನ ಪಕ್ಷ ವಹಿಸುತ್ತೇವೆ. ಆದರೆ ಲೇಲ್ಯಾಂಡನ ಜಾಗದಲ್ಲೂ ಒಮ್ಮೆ ನಿಂತು ನೋಡಬೇಕು. ಕೇಳದ ಕೆಲಸಕ್ಕೆ ಬಿಲ್ ಬಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಕೆಲಸದ ಎಲ್ಲೆ ಎಲ್ಲಿಗೆ ಮುಗಿಯುತ್ತದೆ, ಎಲ್ಲೆ ದಾಟಿದರೆ ಯಾರು ಯಾರನ್ನು ಕೇಳಬೇಕು ಎಂಬುದು ಇಬ್ಬರಲ್ಲೂ ಸ್ಪಷ್ಟವಿರಲಿಲ್ಲ. ವೆಬ್ ವಿನ್ಯಾಸದಲ್ಲಿ ಇದೇ ಕಥೆ ತಿರುವುಮುರುವಾಗಿ ನಡೆಯುತ್ತದೆ. ಅಲ್ಲಿ ಕೋಣೆಯನ್ನು ದೊಡ್ಡದು ಮಾಡುತ್ತಾ ಹೋಗುವವನು ಗಿರಾಕಿ. ‘ಇದೊಂದು ಫಾರಂ ಸೇರಿಸಿಬಿಡಿ’, ‘ಹಾಗೇ ಒಂದು ಫೋಟೋ ಗ್ಯಾಲರಿ ಇರಲಿ’ ಎನ್ನುತ್ತಲೇ ಐದು ಪುಟದ ತಾಣ ಇಪ್ಪತ್ತಾಗಿರುತ್ತದೆ, ಒಪ್ಪಿಕೊಂಡ ಹಣ ಮಾತ್ರ ಇದ್ದಲ್ಲೇ ಇರುತ್ತದೆ.

ವಿಸ್ಲರನ ಎರಡನೆಯ ಜಗಳ ನ್ಯಾಯಾಲಯ ಹತ್ತಿತು. ರಾತ್ರಿಯ ಆಕಾಶದಲ್ಲಿ ಉದುರುವ ಬಾಣಬಿರುಸಿನ ಅವನ ಚಿತ್ರವೊಂದಕ್ಕೆ 200 ಗಿನಿ ಬೆಲೆಯಿಟ್ಟಿದ್ದ. ವಿಮರ್ಶಕ ಜಾನ್ ರಸ್ಕಿನ್ ಅದನ್ನು 1877ರಲ್ಲಿ ಕಟುವಾಗಿ ಹಂಗಿಸಿ ಬರೆದ. ವಿಸ್ಲರ್ ಮಾನನಷ್ಟ ಮೊಕದ್ದಮೆ ಹೂಡಿದ. 1878ರ ನವೆಂಬರಿನಲ್ಲಿ ವಿಚಾರಣೆ ನಡೆದಾಗ ರಸ್ಕಿನ್ ಪರ ವಕೀಲ ಸರ್ ಜಾನ್ ಹೋಲ್ಕರ್, ಆ ಚಿತ್ರಕ್ಕೆ ಎಷ್ಟು ದಿನ ಹಿಡಿಯಿತೆಂದು ಕೇಳಿದ. ಒಂದೆರಡು ದಿನ ಎಂದ ವಿಸ್ಲರ್. ಎರಡು ದಿನದ ದುಡಿಮೆಗೆ 200 ಗಿನಿಯೇ ಎಂಬ ಮರುಪ್ರಶ್ನೆಗೆ, ತಾನು ಹಣ ಕೇಳುತ್ತಿರುವುದು ಒಂದು ಜೀವಮಾನದ ತಿಳಿವಳಿಕೆಗೆ ಎಂಬರ್ಥದ ಉತ್ತರ ಕೊಟ್ಟ. ಮೊಕದ್ದಮೆಯನ್ನು ಗೆದ್ದ. ಆದರೆ ಸಿಕ್ಕ ಪರಿಹಾರ ಒಂದು ಫಾರ್ದಿಂಗ್, ಅಂದರೆ ಕಾಲು ಪೆನ್ನಿ. ನ್ಯಾಯಾಲಯದ ಖರ್ಚು ಸಿಗಲಿಲ್ಲ. 1879ರಲ್ಲಿ ದಿವಾಳಿಯಾದ. ಆಗ ಸಾಲಗಾರರ ಸಾಲಿನಲ್ಲಿ ಮುಂದೆ ನಿಂತವನು ಅದೇ ಲೇಲ್ಯಾಂಡ್.

ಆ ಉತ್ತರವನ್ನು ಇಂದಿಗೂ ವಿನ್ಯಾಸಕಾರರು ಒಬ್ಬರಿಗೊಬ್ಬರು ಹೇಳಿಕೊಂಡು ಸಮಾಧಾನಪಡುತ್ತಾರೆ, ಅದರ ಹಿಂದೆ ಬಂದ ಫಾರ್ದಿಂಗನ್ನು ಮರೆಯುತ್ತಾರೆ. ಆದರೂ ವಿಸ್ಲರ್ ಎತ್ತಿದ ಮಾತು ಮುಖ್ಯವಾದದ್ದು. ಗಂಟೆಯ ಲೆಕ್ಕದಲ್ಲಿ ಒಂದು ವಿಚಿತ್ರ ಅನ್ಯಾಯವಿದೆ. ಹೊಸಬ ನಲವತ್ತು ಗಂಟೆ ತಡಕಾಡಿ ಮುಗಿಸುವ ಕೆಲಸವನ್ನು ನುರಿತವರು ಹತ್ತು ಗಂಟೆಯಲ್ಲಿ ಮುಗಿಸುತ್ತಾರೆ. ದರ ಒಂದೇ ಆಗಿದ್ದರೆ ಕೈ ಪಳಗಿದಷ್ಟೂ ಸಂಪಾದನೆ ಇಳಿಯುತ್ತದೆ!

ಇಪ್ಪತ್ತನೆಯ ಶತಮಾನದ ಅಮೆರಿಕದಿಂದ ಎರಡು ಉದಾಹರಣೆ ನೋಡೋಣ. 1971ರಲ್ಲಿ ಪೋರ್ಟ್‌ಲ್ಯಾಂಡಿನ ವಿನ್ಯಾಸ ವಿದ್ಯಾರ್ಥಿನಿ ಕ್ಯಾರೊಲಿನ್ ಡೇವಿಡ್ಸನ್, ಗಂಟೆಗೆ 2 ಡಾಲರಿನಂತೆ ಹದಿನೇಳೂವರೆ ಗಂಟೆಯ ಲೆಕ್ಕ ಕೊಟ್ಟು 35 ಡಾಲರ್ ಪಡೆದರು. ಅವರು ಬರೆದುಕೊಟ್ಟದ್ದು ನೈಕಿ ಕಂಪನಿಯ ಲಾಂಛನ. 1983ರಲ್ಲಿ ಕಂಪನಿಯ ಫಿಲ್ ನೈಟ್ ಅವರನ್ನು ಕರೆದು ಉಂಗುರವನ್ನೂ ಷೇರುಗಳನ್ನೂ ಕೊಟ್ಟರು. ಅದು ಉಡುಗೊರೆಯಾಗಿತ್ತು, ಹಕ್ಕಾಗಿರಲಿಲ್ಲ. ಇನ್ನೊಂದು ತುದಿಯಲ್ಲಿ ಪಾಲ್ ರ‍್ಯಾಂಡ್ ಇದ್ದರು. 1986ರಲ್ಲಿ ಸ್ಟೀವ್ ಜಾಬ್ಸ್ ಅವರ ನೆಕ್ಸ್ಟ್ ಕಂಪನಿಗೆ ಲಾಂಛನ ಮಾಡಿಕೊಡಲು ಅವರು ಪಡೆದದ್ದು ಒಂದು ಲಕ್ಷ ಡಾಲರ್. ನಾಲ್ಕಾರು ಮಾದರಿ ತೋರಿಸುವಿರಾ ಎಂದು ಕೇಳಿದ್ದಕ್ಕೆ, ಒಂದೇ ಪರಿಹಾರ ಕೊಡುತ್ತೇನೆ, ಬಳಸುವುದು ಬಿಡುವುದು ನಿಮ್ಮಿಷ್ಟ, ಹಣ ಮಾತ್ರ ಕೊಡಬೇಕು ಎಂದರಂತೆ. ಡೇವಿಡ್ಸನ್ ತಮ್ಮ ಸಮಯವನ್ನು ಮಾರಿದರು, ರ‍್ಯಾಂಡ್ ಗಿರಾಕಿಗೆ ಆಗುವ ಪ್ರಯೋಜನವನ್ನು ಮಾರಿದರು. ಆದರೆ ರ‍್ಯಾಂಡ್ ಆಗಲೇ ಐಬಿಎಂ ಲಾಂಛನ ಮಾಡಿ ಹೆಸರಾಗಿದ್ದವರು. ಕೆಲಸ ಬೇಡವೆನ್ನುವ ಶಕ್ತಿ ಅವರಿಗಿತ್ತು. ಬಣ್ಣದ ಸಾಮಗ್ರಿ ಕೊಳ್ಳಲು ಹಣಕ್ಕೆ ಪರದಾಡುತ್ತಿದ್ದ ವಿದ್ಯಾರ್ಥಿನಿಗೆ ಅದು ಇರಲಿಲ್ಲ.

ಹಾಗಾದರೆ ವೃತ್ತಿಯವರೆಲ್ಲ ಒಟ್ಟಾಗಿ ಒಂದು ಕನಿಷ್ಠ ದರ ಕಟ್ಟಬಾರದೇ? ಅಮೆರಿಕದ ವಕೀಲರು ಅದನ್ನೂ ಮಾಡಿ ನೋಡಿದರು. ವರ್ಜೀನಿಯಾದಲ್ಲಿ ಮನೆ ಕೊಳ್ಳಹೊರಟ ಗೋಲ್ಡ್‌ಫಾರ್ಬ್ ದಂಪತಿಗೆ ಹಕ್ಕುಪತ್ರ ಪರಿಶೀಲನೆಗೆ ವಕೀಲರ ಸಂಘ ಗೊತ್ತುಮಾಡಿದ್ದ ದರಕ್ಕಿಂತ ಕಡಿಮೆಗೆ ಒಬ್ಬ ವಕೀಲನೂ ಸಿಗಲಿಲ್ಲ. ಅವರು ದಾವೆ ಹೂಡಿದರು. ಅಂಥ ದರಪಟ್ಟಿ ಸ್ಪರ್ಧೆಯನ್ನು ಕೊಲ್ಲುವ ಒಳಒಪ್ಪಂದವೆಂದು 1975ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿನ ಚಿತ್ರಕಾರರ, ವಿನ್ಯಾಸಕಾರರ ಸಂಘ ‘ಗ್ರಾಫಿಕ್ ಆರ್ಟಿಸ್ಟ್ಸ್ ಗಿಲ್ಡ್’ 1973ರಿಂದ ಒಂದು ಕೈಪಿಡಿ ಪ್ರಕಟಿಸುತ್ತಿದೆ. ಮಾರುಕಟ್ಟೆಯಲ್ಲಿ ಏನು ನಡೆಯುತ್ತಿದೆ ಎಂದು ಅದು ತಿಳಿಸಬಹುದು, ಇಷ್ಟೇ ತೆಗೆದುಕೊಳ್ಳಿ ಎಂದು ಕಟ್ಟಳೆ ಮಾಡುವಂತಿಲ್ಲ.

ಈ ಎಲ್ಲ ಹೊರೆಯನ್ನು ಹೊತ್ತುಕೊಂಡೇ ವೆಬ್ ವಿನ್ಯಾಸ ಹುಟ್ಟಿತು. ವೆಬ್ ತಂತ್ರಜ್ಞಾನವನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದೆಂದು ಸರ್ನ್ ಸಂಸ್ಥೆ 1993ರ ಏಪ್ರಿಲ್ 30ರಂದು ಘೋಷಿಸಿತು. ಭಾರತದ ಸಾರ್ವಜನಿಕರಿಗೆ ಇಂಟರ್ನೆಟ್ ಬಂದದ್ದು 1995ರ ಆಗಸ್ಟ್ 15ರಂದು. ಮೊದಮೊದಲು ಪುಟದ ಲೆಕ್ಕ ಸಹಜವೆನಿಸಿತ್ತು, ನಮ್ಮ ಡಿಟಿಪಿ ಅಂಗಡಿಗಳ ಹಾಗೆ. 2003ರಲ್ಲಿ ವರ್ಡ್‌ಪ್ರೆಸ್ ಬಂದ ಮೇಲೆ ಒಂದೇ ಅಚ್ಚಿನಿಂದ ಸಾವಿರ ಪುಟ ಮೂಡತೊಡಗಿದವು. ಪುಟ ಅಳತೆಯಾಗಿ ಉಳಿಯಲಿಲ್ಲ. ಮೊಬೈಲ್ ಬಂದ ಮೇಲೆ ಅದೇ ಪುಟ ಹತ್ತು ಅಳತೆಯ ಪರದೆಗಳಲ್ಲಿ ಸರಿಯಾಗಿ ಕೂರಬೇಕಾಯಿತು. ಕನ್ನಡ ತಾಣಗಳಿಗೆ ಇನ್ನೊಂದು ತಾಪತ್ರಯವಿತ್ತು. ಯೂನಿಕೋಡ್ ಬಳಕೆಗೆ ಬರುವ ಮುಂಚೆ ಓದುಗರ ಕಂಪ್ಯೂಟರಿನಲ್ಲಿ ಆಯಾ ಫಾಂಟ್ ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಚಿತ್ರವಿಚಿತ್ರ ಗುರುತುಗಳು ಕಾಣುತ್ತಿದ್ದವು. ಅದನ್ನು ಸರಿಪಡಿಸುವ ದುಡಿಮೆ ಕೆಲಸ ಕೊಟ್ಟವರ ಕಣ್ಣಿಗೆ ಬೀಳುವಂಥದ್ದಲ್ಲ. ಕಣ್ಣಿಗೆ ಬೀಳದ ದುಡಿಮೆಗೆ ದುಡ್ಡು ಕೇಳುವುದು ಎಂದಿಗೂ ಕಷ್ಟ.

1999ರಲ್ಲಿ ಶುರುವಾದ ಈಲ್ಯಾನ್ಸ್, ಆಮೇಲೆ ಓಡೆಸ್ಕ್, ಇವೆರಡೂ ಸೇರಿ ಆದ ಅಪ್‌ವರ್ಕ್ ಮೊದಲಾದ ತಾಣಗಳು ಮೈಸೂರಿನ ಹುಡುಗಿಯನ್ನೂ ಮನಿಲಾದ ಹುಡುಗನನ್ನೂ ಒಂದೇ ಹರಾಜಿನಲ್ಲಿ ನಿಲ್ಲಿಸಿದವು. 2010ರಲ್ಲಿ ಬಂದ ಫೈವರ್ ತನ್ನ ಹೆಸರಿನಲ್ಲೇ 5 ಡಾಲರಿನ ಬೆಲೆಚೀಟಿ ಅಂಟಿಸಿಕೊಂಡಿತ್ತು. ಡಯೋಕ್ಲೀಷಿಯನ್ ಗರಿಷ್ಠ ಬೆಲೆ ಕಟ್ಟಲು ಮರಣದಂಡನೆಯ ಭಯ ಹುಟ್ಟಿಸಬೇಕಾಯಿತು. ಇಲ್ಲಿ ಬೆಲೆಯನ್ನು ತಗ್ಗಿಸಲು ಪಕ್ಕದ ಹೆಸರಿನ ಮುಂದಿರುವ ಸಣ್ಣ ಅಂಕಿಯೇ ಸಾಕಾಗುತ್ತದೆ.

ಇಷ್ಟು ದೂರ ಬಂದ ಮೇಲೆ ಒಂದು ಮಾತು ಹೇಳಬಹುದು. ಬೆಲೆಯ ಜಗಳಗಳಲ್ಲಿ ಹೆಚ್ಚಿನವು ಯಾವುದನ್ನು ಎಣಿಸುತ್ತಿದ್ದೇವೆ ಎಂಬುದರ ಜಗಳಗಳು. ಸಾಲು, ದಿನ, ತಿಳಿವಳಿಕೆ, ಪ್ರಯೋಜನ: ನಾಲ್ಕೂ ನ್ಯಾಯವಾದ ಅಳತೆಗಳೇ. ಕೊಡುವವರು ಒಂದನ್ನೂ ಮಾಡುವವರು ಇನ್ನೊಂದನ್ನೂ ಮನಸ್ಸಿನಲ್ಲಿ ಹಿಡಿದುಕೊಂಡಾಗ ಕೆಲಸ ಕೆಡುತ್ತದೆ. ಆದ್ದರಿಂದ ಹೊಸದಾಗಿ ಈ ಕಸುಬಿಗೆ ಇಳಿಯುವವರು ‘ಎಷ್ಟಾಗುತ್ತೆ’ ಎಂಬ ಪ್ರಶ್ನೆಗೆ ಅಂಕಿ ಹೇಳುವ ಮೊದಲು ಏನೇನು ಸೇರಿದೆ, ಎಷ್ಟು ಸಲ ತಿದ್ದಿಕೊಡಲಾಗುವುದು, ಅದನ್ನು ಮೀರಿದರೆ ಲೆಕ್ಕ ಹೇಗೆ, ಮುಂಗಡ ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆದುಕೊಡುವುದು ಒಳ್ಳೆಯದು. ಅಷ್ಟರಿಂದ ಮಾರುಕಟ್ಟೆ ದಯಾಮಯಿ ಆಗುವುದಿಲ್ಲ. ಅಂಗಳಕ್ಕೆ ಬೇಲಿ ಹಾಕಿದಂತೆ ಆಗುತ್ತದೆ, ಅಷ್ಟೆ.

ಲೇಲ್ಯಾಂಡ್ ಆ ಕೋಣೆಯನ್ನು ಒಡೆಸಲಿಲ್ಲ. ಕಾದಾಡುವ ನವಿಲುಗಳನ್ನು ಎದುರಿಗಿಟ್ಟುಕೊಂಡೇ 1892ರಲ್ಲಿ ತೀರಿಕೊಳ್ಳುವವರೆಗೂ ಆ ಮನೆಯಲ್ಲಿದ್ದ. 1904ರಲ್ಲಿ ಅಮೆರಿಕದ ಚಾರ್ಲ್ಸ್ ಫ್ರೀರ್ ಇಡೀ ಕೋಣೆಯನ್ನೇ ಕೊಂಡು ಸಾಗಿಸಿದ. ಇಂದು ವಾಷಿಂಗ್ಟನ್ನಿನ ಫ್ರೀರ್ ಗ್ಯಾಲರಿಗೆ ಹೋದವರು ಅದರೊಳಗೆ ನಿಂತು ನೋಡಬಹುದು. ಗೋಡೆಯ ಮೇಲೆ ಚೆಲ್ಲಿದ ಆ ಶಿಲಿಂಗುಗಳನ್ನು ಯಾರೂ ಇನ್ನೂ ಆರಿಸಿಕೊಂಡಿಲ್ಲ.