ರಕ್ತ ಹೆಚ್ಚೋ ಮಾತ್ರೆಯಿಂದ ಬ್ಲಡ್ ಕ್ಯಾನ್ಸರ್ ಮದ್ದಿನವರೆಗೆ

ಬಸುರಿ ಹೆಣ್ಮಕ್ಕಳಿಗೆ ಆಶಾ ಕಾರ್ಯಕರ್ತೆಯರು ಕೊಡುವ ಕೆಂಪು ಮಾತ್ರೆ ನಿಮಗೆ ಗೊತ್ತು. ಅದರಲ್ಲಿ ಕಬ್ಬಿಣದ ಜೊತೆ ಫೋಲಿಕ್ ಆಮ್ಲ ಇರುತ್ತದೆ. ಮಕ್ಕಳ ಬ್ಲಡ್ ಕ್ಯಾನ್ಸರ್‌ಗೆ ಸಿಕ್ಕ ಮೊದಲ ಮದ್ದಿನ ಕಥೆ ಶುರುವಾಗುವುದು ಇದೇ ಫೋಲಿಕ್ ಆಮ್ಲದಿಂದ.

1928ರಲ್ಲಿ ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ ಬೊಂಬಾಯಿಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಸುರಿಯರಿಗೆ ರಕ್ತಹೀನತೆ ಯಾಕೆ ಅಂತ ಹುಡುಕುತ್ತಾ ಹೋದಾಗ, ಯೀಸ್ಟ್‌ನಿಂದ ಮಾಡಿದ ಅಗ್ಗದ ತಿನಿಸೊಂದು ಅದನ್ನು ವಾಸಿಮಾಡುವುದು ಕಂಡಿತು. ಅದರೊಳಗಿದ್ದ ಸತ್ವವೇ ಫೋಲಿಕ್ ಆಮ್ಲ.

ಅದನ್ನು 1940ರ ದಶಕದಲ್ಲಿ ಅಮೆರಿಕದ ಲೆಡರ್ಲಿ ಕಂಪನಿಯ ಪ್ರಯೋಗಾಲಯದಲ್ಲಿ ತಯಾರಿಸಿದ ತಂಡದ ಮುಖ್ಯಸ್ಥ ನಮ್ಮ ಪಕ್ಕದ ಆಂಧ್ರದ ಭೀಮಾವರಂನ ಯಲ್ಲಾಪ್ರಗಡ ಸುಬ್ಬರಾವ್. ಮೆಟ್ರಿಕ್‌ನಲ್ಲಿ ಫೇಲಾದವರು, ಮಾವನ ಮನೆಯವರ ನೆರವಿನಿಂದ 1923ರಲ್ಲಿ ಬೋಸ್ಟನ್ ಸೇರಿದವರು. ಇವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಯಾಕಿಲ್ಲವೋ!

ಬೋಸ್ಟನ್ನಿನ ಮಕ್ಕಳ ಆಸ್ಪತ್ರೆಯ ಡಾ. ಸಿಡ್ನಿ ಫಾರ್ಬರ್, ಬ್ಲಡ್ ಕ್ಯಾನ್ಸರ್ ಬಂದ ಮಕ್ಕಳಿಗೆ ಫೋಲಿಕ್ ಆಮ್ಲ ಕೊಟ್ಟು ನೋಡಿದರು. ಕಾಯಿಲೆ ಇನ್ನೂ ಜೋರಾಯಿತು. ಬೇರೆಯವರಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದರೇನೋ. ಫಾರ್ಬರ್ ತಿರುಗಿಸಿ ಯೋಚಿಸಿದರು: ಈ ಸತ್ವ ತಿಂದು ಕ್ಯಾನ್ಸರ್ ಬೆಳೆಯುತ್ತದೆ ಅಂದರೆ, ಸಿಗದಂತೆ ಮಾಡಿದರೆ? ಸುಬ್ಬರಾವ್ ತಂಡ ಅದಕ್ಕೆ ತಕ್ಕ ಮದ್ದು ಮಾಡಿಕೊಟ್ಟಿತು. ನೋಡಲು ಫೋಲಿಕ್ ಆಮ್ಲದಂತೆಯೇ ಇರುವುದು, ಕೆಲಸಕ್ಕೆ ಬಾರದ್ದು. ಬೀಗದೊಳಗೆ ಹೋಗುತ್ತದೆ, ತಿರುಗುವುದಿಲ್ಲ, ಅಂಥ ಕೀಲಿ. ಅದರ ಹೆಸರು ಅಮಿನಾಪ್ಟೆರಿನ್.

1948ರ ಜೂನ್‌ನಲ್ಲಿ ಫಾರ್ಬರ್ ವರದಿ ಪ್ರಕಟವಾಯಿತು. 16 ಮಕ್ಕಳಲ್ಲಿ 10 ಮಕ್ಕಳು ಚೇತರಿಸಿಕೊಂಡಿದ್ದರು. ಆದರೆ ತಾತ್ಕಾಲಿಕವಾಗಿ. ಕೆಲವು ತಿಂಗಳಲ್ಲಿ ಕಾಯಿಲೆ ಮರಳಿತು. ಅದೇ ಆಗಸ್ಟ್‌ನಲ್ಲಿ ಸುಬ್ಬರಾವ್ ತೀರಿಕೊಂಡರು.

ಒಂದೇ ಮದ್ದು ಸಾಲದು, ಮಗು ಚೆನ್ನಾಗಿ ಕಂಡಾಗಲೂ ಒಳಗೆ ಕ್ಯಾನ್ಸರ್ ಕಣ ಉಳಿದಿರುತ್ತದೆ ಎಂದು ವೈದ್ಯರು ಕಲಿತದ್ದು ಆ ಮಕ್ಕಳಿಂದ. ಅದಕ್ಕೇ ಇಂದು ಮಕ್ಕಳ ಬ್ಲಡ್ ಕ್ಯಾನ್ಸರ್‌ನಲ್ಲಿ ಹೆಚ್ಚಾಗಿ ಕಾಣುವ ಬಗೆಗೆ ಹಲವು ಮದ್ದು ಸೇರಿಸಿ ಎರಡು-ಮೂರು ವರ್ಷ ಚಿಕಿತ್ಸೆ. ಅಮಿನಾಪ್ಟೆರಿನ್‌ನ ತಮ್ಮನಂತಿರುವ ಮೆಥೋಟ್ರೆಕ್ಸೇಟ್ ಈಗಲೂ ಅದರಲ್ಲಿದೆ. ನಮ್ಮ ಕಡೆ ಮಗು ಆಟಕ್ಕಿಳಿಯಿತು, ಕೂದಲು ಬಂತು ಅಂತ ಬೆಂಗಳೂರಿನ ಬಸ್ಸು ಹತ್ತುವುದನ್ನೇ ನಿಲ್ಲಿಸುವವರಿದ್ದಾರೆ. ಅವರನ್ನು ಬೈಯುವುದು ಸುಲಭ. ಕೂಲಿ ಬಿಟ್ಟು, ಊಟ-ವಸತಿ ನೋಡಿಕೊಂಡು ವರ್ಷಗಟ್ಟಲೆ ಓಡಾಡುವುದು ಸುಲಭವಲ್ಲ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಆದರೆ ಮನೆಯಲ್ಲಿ ಉಳಿದ ಮಕ್ಕಳನ್ನು, ದನಕರುಗಳನ್ನು ನೋಡಿಕೊಳ್ಳುವವರು ಅಕ್ಕಪಕ್ಕದವರೇ ಆಗಬೇಕು.

ಫಾರ್ಬರ್‌ಗೂ ಜನರ ನೆರವು ಬೇಕಾಯಿತು. 1948ರ ಮೇ 22ರಂದು ಅವರ ವಾರ್ಡಿನಲ್ಲಿದ್ದ 12 ವರ್ಷದ ಹುಡುಗನೊಬ್ಬ 'ಜಿಮ್ಮಿ' ಎಂಬ ಹೆಸರಲ್ಲಿ ರೇಡಿಯೋದಲ್ಲಿ ಮಾತಾಡಿದ. 20 ಸಾವಿರ ಡಾಲರ್ ಕೂಡಿದರೆ ಅವನಿಗೊಂದು ಟಿವಿ ಎಂದಿದ್ದರು. ಕೇಳಿದವರು ಕಳಿಸಿದ ದುಡ್ಡು 2 ಲಕ್ಷ 31 ಸಾವಿರ ಡಾಲರ್ ದಾಟಿತು. ಟಿವಿಯೂ ಬಂತು, ಸಂಶೋಧನೆಗೆ ನಿಧಿಯೂ ಆಯಿತು.

ಆ ಹುಡುಗ ಸತ್ತಿರಬೇಕು ಎಂದೇ ಜನ 50 ವರ್ಷ ಅಂದುಕೊಂಡಿದ್ದರು. 1998ರಲ್ಲಿ ಅವನು ಎದುರಿಗೆ ಬಂದ. ಹೆಸರು ಐನಾರ್ ಗುಸ್ಟಾಫ್ಸನ್, ಮೇನ್ ರಾಜ್ಯದ ರೈತನ ಮಗ, ಲಾರಿ ಓಡಿಸಿ ಸಂಸಾರ ಮಾಡಿದವನು. ಕರುಳಿನ ಕ್ಯಾನ್ಸರ್ ಗೆದ್ದಿದ್ದ. 2001ರಲ್ಲಿ, 65ನೇ ವಯಸ್ಸಿನಲ್ಲಿ, ಪಾರ್ಶ್ವವಾಯುವಿನಿಂದ ತೀರಿಕೊಂಡ.