ಋತುವಿನ ಹಣ್ಣು, ಮನೆಯ ಒಲೆ: ಬಿಸ್ಕತ್ತು ಮತ್ತು ಕೇಕಿನ ಹದ

ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿ ಮಾವಿನ ಕೇಕು ಡಿಸೆಂಬರಿನಲ್ಲೂ ಸಿಗುತ್ತದೆ. ಎಸೆನ್ಸ್ ಬಾಟಲಿಗೆ ಹಂಗಾಮಿನ ಹಂಗಿಲ್ಲ. ಮನೆಯಲ್ಲಿ ಆಯಾ ಕಾಲದ ಹಣ್ಣು, ಕಾಯಿ, ಗೆಡ್ಡೆಗಳಿಂದ ಮಾಡುವಾಗ ಲೆಕ್ಕವೇ ಬೇರೆ. ಹಣ್ಣು ತನ್ನ ಪರಿಮಳದ ಜೊತೆ ನೀರು, ಹುಳಿ, ಸಿಹಿ ಮೂರನ್ನೂ ಹಿಟ್ಟಿಗೆ ತರುತ್ತದೆ. ಈ ಮೂರನ್ನು ಅಳೆದು ಉಳಿದ ಸಾಮಾನನ್ನು ಕಡಿಮೆ–ಹೆಚ್ಚು ಮಾಡುವುದೇ ಋತುಮಾನದ ಬೇಕಿಂಗ್‌ನ ಮುಖ್ಯ ಕೆಲಸ. ದಾವಣಗೆರೆ ಜಿಲ್ಲೆಯ ನ್ಯಾಮತಿ, ಹೊನ್ನಾಳಿ, ಚನ್ನಗಿರಿ, ಜಗಳೂರು ತಾಲ್ಲೂಕುಗಳಲ್ಲಿ ಸಿಗುವ ಬೆಳೆಗಳನ್ನು ಮುಂದಿಟ್ಟುಕೊಂಡು ಆ ಕೆಲಸದ ವಿವರ ಇಲ್ಲಿದೆ.

ಹಿನ್ನೆಲೆ

ಕೇಕು ಕನ್ನಡ ನಾಡಿಗೆ ಬ್ರಿಟಿಷರ ದಂಡಿನೂರುಗಳ ದಾರಿಯಲ್ಲಿ ಬಂತು. ಅದನ್ನು ಊರೂರಿಗೆ ಮುಟ್ಟಿಸಿದ್ದು ಅಯ್ಯಂಗಾರ್ ಬೇಕರಿಗಳು. ಹಾಸನ ಕಡೆಯ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ತೆರೆದ ಬಿ.ಬಿ. ಬೇಕರಿಯನ್ನು ಈ ಪರಂಪರೆಯ ಮೊದಲ ಅಂಗಡಿಯೆಂದು ಹೇಳುತ್ತಾರೆ. ಮೊಟ್ಟೆ ಹಾಕದ ಕೇಕು, ಖಾರಾ ಬನ್ನು, ದಿಲ್‌ಪಸಂದ್, ಬೆಣ್ಣೆ ಬಿಸ್ಕತ್ತು ಇಂದು ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣದ ಎದುರಿಗೂ ಸಿಗುವುದಕ್ಕೆ ಮುಖ್ಯ ಕಾರಣ ಈ ಬೇಕರಿಗಳೇ.

ಪರದೇಶದ ಕೇಕಿಗೆ ಊರಿನ ಹಣ್ಣು ಸೇರಿದ ಕಥೆಯೂ ಹಳೆಯದು. ಕೇರಳದ ತಲಶ್ಶೇರಿಯಲ್ಲಿ ರಾಯಲ್ ಬಿಸ್ಕತ್ ಫ್ಯಾಕ್ಟರಿ ನಡೆಸುತ್ತಿದ್ದ ಮಾಂಬಳ್ಳಿ ಬಾಪು 1883ರಲ್ಲಿ ತೋಟದ ದೊರೆ ಮರ್ಡಾಕ್ ಬ್ರೌನ್‌ಗಾಗಿ ಕ್ರಿಸ್‌ಮಸ್ ಕೇಕು ಬೇಯಿಸಿದರು. ಬ್ರೌನ್ ತೋರಿಸಿದ್ದು ಇಂಗ್ಲೆಂಡಿನಿಂದ ತಂದ ಮಾದರಿ. ಬಾಪು ಅದಕ್ಕೆ ಹಾಕಿದ್ದು ಅಲ್ಲಿಯದೇ ಕದಳಿ ಬಾಳೆಹಣ್ಣು ಮತ್ತು ಗೇರುಹಣ್ಣಿನಿಂದ ಇಳಿಸಿದ ಸ್ಥಳೀಯ ಮದ್ಯ ಎಂಬುದು ಪ್ರಸಿದ್ಧ.

ಓವನ್ ಬರುವ ಮೊದಲೂ ಮೇಲೆ–ಕೆಳಗೆ ಕಾವು ಕೊಟ್ಟು ಬೇಯಿಸುವ ವಿದ್ಯೆ ನಮ್ಮಲ್ಲಿತ್ತು. ಕರಾವಳಿಯ ಕೊಂಕಣಿ ಮನೆಗಳ ತವ್ಸೊಳಿ ಅದಕ್ಕೆ ಸಾಕ್ಷಿ. ತುರಿದ ಸೌತೆಕಾಯಿ, ಅಕ್ಕಿ ರವೆ, ಬೆಲ್ಲ, ಕಾಯಿತುರಿ ಕಲಸಿ ಪಾತ್ರೆಗೆ ಸುರಿದು, ಮುಚ್ಚಳದ ಮೇಲೂ ಕೆಂಡ ಹರಡಿ ಬೇಯಿಸುತ್ತಿದ್ದರು. ಇದಕ್ಕೆ ಬೇರೆ ನೀರು ಬೇಕಿಲ್ಲ, ರವೆ ಅರಳುವಷ್ಟು ನೀರು ಸೌತೆಕಾಯಿಯೇ ಬಿಡುತ್ತದೆ.

ಸೀಮೆ ಮತ್ತು ಬೆಳೆ

ದಾವಣಗೆರೆ ಜಿಲ್ಲೆ ರೂಪುಗೊಂಡದ್ದು 1997ರಲ್ಲಿ. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗ ಜಿಲ್ಲೆಯಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಹೀಗಾಗಿ ಒಂದೇ ಜಿಲ್ಲೆಯೊಳಗೆ ಎರಡು ಹವೆಗಳಿವೆ. ನ್ಯಾಮತಿ, ಹೊನ್ನಾಳಿ, ಚನ್ನಗಿರಿ ಅರೆಮಲೆನಾಡಿನ ಅಂಚಿನವು: ಭತ್ತ, ಅಡಿಕೆ, ಬಾಳೆ, ಶುಂಠಿ, ಮೆಕ್ಕೆಜೋಳ. ಜಗಳೂರು ಮಳೆ ಕಡಿಮೆಯ ಬಯಲುಸೀಮೆ: ಮೆಕ್ಕೆಜೋಳ, ಶೇಂಗಾ, ರಾಗಿ, ಈರುಳ್ಳಿ. ಒಣ ಹವೆಯಲ್ಲಿಟ್ಟ ಹಿಟ್ಟು ಹೆಚ್ಚು ನೀರು ಕುಡಿಯುತ್ತದೆ, ಮಳೆಗಾಲದ ತಂಪಿನಲ್ಲಿದ್ದ ಹಿಟ್ಟಿಗೆ ಅಷ್ಟು ಬೇಕಾಗುವುದಿಲ್ಲ. ಜಗಳೂರಿನಲ್ಲಿ ಸರಿಹೋದ ಅಳತೆ ಶ್ರಾವಣದ ನ್ಯಾಮತಿಯಲ್ಲಿ ತೆಳ್ಳಗಾಗಬಹುದು. ಆದ್ದರಿಂದ ಹಾಲನ್ನು ಒಮ್ಮೆಗೇ ಸುರಿಯದೆ ಎರಡು ಚಮಚ ಕೊನೆಗೆ ಉಳಿಸಿಕೊಳ್ಳುವುದು ಜಾಣತನ.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ ಪುಣ್ಯಕ್ಷೇತ್ರ. ಸಂತ ಸೇವಾಲಾಲರ ಜನ್ಮಸ್ಥಳವೆಂದು ಪೂಜಿಸುವ ಈ ಊರನ್ನು ಭಾಯಾಗಡ್ ಎಂದೂ ಕರೆಯುತ್ತಾರೆ. ಪ್ರತಿವರ್ಷ ಫೆಬ್ರುವರಿ 15ರ ಜಯಂತಿಗೆ ಹಲವು ರಾಜ್ಯಗಳ ತಾಂಡಾಗಳಿಂದ ಭಕ್ತರು ಬರುತ್ತಾರೆ. ಬಂಜಾರರ ಹಬ್ಬದ ಸಿಹಿಯಾದ ಲಾಪ್ಸಿಗೆ ಬೇಕಾದದ್ದು ಗೋಧಿ, ಬೆಲ್ಲ, ತುಪ್ಪ. ಬಿಸ್ಕತ್ತಿನ ಮೂಲ ಸಾಮಾನೂ ಇವೇ ಮೂರು. ಬೆಲ್ಲದ ಗೋಧಿ ಬಿಸ್ಕತ್ತು ಕಲಿಯುವವರಿಗೆ ಇಲ್ಲಿನ ಅಡುಗೆಮನೆಯಲ್ಲಿ ಹೊಸದಾಗಿ ಕೊಳ್ಳಬೇಕಾದದ್ದು ಬಹಳವಿಲ್ಲ.

ಒಲೆ ಮತ್ತು ಕಾವು

ಓಟಿಜಿ ಓವನ್ ಇದ್ದರೆ ಕೇಕಿಗೆ 170–180 ಡಿಗ್ರಿ ಸೆಲ್ಸಿಯಸ್, ಬಿಸ್ಕತ್ತಿಗೆ 160–170 ಡಿಗ್ರಿ ಸಾಕು. ಬೆಲ್ಲ ಹಾಕಿದ ಹಿಟ್ಟು ಬೇಗ ಕೆಂಪಾಗುವುದರಿಂದ 10 ಡಿಗ್ರಿ ಕಡಿಮೆ ಇಡಬೇಕು. ಓವನ್ ಇಲ್ಲದಿದ್ದರೆ ದಪ್ಪ ತಳದ ತಪ್ಪಲೆ ಅಥವಾ ಹಳೆಯ ಕುಕ್ಕರ್ ಆಗುತ್ತದೆ. ಕುಕ್ಕರ್‌ನ ಗ್ಯಾಸ್ಕೆಟ್, ವಿಷಲ್ ಎರಡನ್ನೂ ತಪ್ಪದೇ ತೆಗೆಯಬೇಕು, ನೀರು ಹಾಕಬಾರದು. ತಳಕ್ಕೆ ಒಂದು ಬೆರಳು ದಪ್ಪ ಪುಡಿ ಉಪ್ಪು ಅಥವಾ ತೊಳೆದು ಒಣಗಿಸಿದ ಮರಳು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು, ಸಣ್ಣ ಉರಿಯಲ್ಲಿ 10 ನಿಮಿಷ ಕಾಯಿಸಿ ಕೇಕಿನ ಪಾತ್ರೆ ಇಳಿಸಬೇಕು. ಬೇಯಲು 45ರಿಂದ 55 ನಿಮಿಷ ಹಿಡಿಯುತ್ತದೆ. ಮೊದಲ ಅರ್ಧ ಗಂಟೆ ಮುಚ್ಚಳ ತೆಗೆದರೆ ಉಬ್ಬಿದ ಕೇಕು ನಡುವೆ ಕುಸಿಯುತ್ತದೆ. ಕುಕ್ಕರ್‌ನಲ್ಲಿ ಕಾವು ಕೆಳಗಿನಿಂದಲೇ ಬರುವುದರಿಂದ ಮೇಲ್ಮೈ ಕೆಂಪಾಗುವುದಿಲ್ಲ. ಬಣ್ಣ ನೋಡದೆ ಕಡ್ಡಿ ಚುಚ್ಚಿಯೇ ಹದ ತಿಳಿಯಬೇಕು. ಹಣ್ಣಿನ ಕೇಕಿನಲ್ಲಿ ಕಡ್ಡಿಗೆ ಒಂದೆರಡು ತೇವದ ಹುಡಿ ಅಂಟಿದರೂ ಬೆಂದಿದೆ ಎಂದೇ ಅರ್ಥ, ಹಸಿ ಹಿಟ್ಟು ಅಂಟಬಾರದು.

ಹಿಟ್ಟು, ಬೆಣ್ಣೆ, ಬೆಲ್ಲ

ಗೋಧಿ ಮತ್ತು ಮೈದಾದಲ್ಲಿ ಗ್ಲುಟೆನ್ ಇದೆ. ನೀರು ತಾಗಿ ನಾದಿದಂತೆಲ್ಲ ಅದು ಜಿಗುಟಾಗಿ, ಸೋಡಾದಿಂದ ಹುಟ್ಟುವ ಗಾಳಿಯನ್ನು ಹಿಡಿದಿಡುತ್ತದೆ. ರಾಗಿ, ನವಣೆ, ಮೆಕ್ಕೆಜೋಳಗಳಲ್ಲಿ ಈ ಗುಣವಿಲ್ಲ. ಬರೀ ರಾಗಿಯ ಕೇಕು ಉದುರುವುದು ಅದರಿಂದಲೇ. ಅರ್ಧ ಗೋಧಿಹಿಟ್ಟು ಬೆರೆಸಿದರೆ ಸರಿಹೋಗುತ್ತದೆ. ಬಿಸ್ಕತ್ತಿಗೆ ಮಾತ್ರ ಇದೇ ವರ, ಅಲ್ಲಿ ಜಿಗುಟು ಬೇಕಿಲ್ಲ, ಗರಿಗರಿ ಬೇಕು. ಅದಕ್ಕೇ ಬಿಸ್ಕತ್ತಿನ ಹಿಟ್ಟನ್ನು ಚಪಾತಿ ಹಿಟ್ಟಿನಂತೆ ನಾದಬಾರದು, ಕೂಡಿಬರುವಷ್ಟು ಒತ್ತಿದರೆ ಮುಗಿಯಿತು.

ದಾವಣಗೆರೆಗೆ ಹೆಸರು ತಂದದ್ದು ಬೆಣ್ಣೆ ದೋಸೆ. ಮನೆಯಲ್ಲಿ ಕಡೆದ ಬೆಣ್ಣೆಗೆ ಪರಿಮಳ ಹೆಚ್ಚು, ಆದರೆ ಅದರಲ್ಲಿ ಮಜ್ಜಿಗೆಯ ನೀರು ಉಳಿದಿರುತ್ತದೆ. ಅಂಗಡಿಯ ಬೆಣ್ಣೆಯಲ್ಲಿ ಕನಿಷ್ಠ ಶೇಕಡಾ 80 ಕೊಬ್ಬು ಇರಬೇಕೆಂಬ ನಿಯಮವಿದೆ, ಮನೆಯ ಬೆಣ್ಣೆಗೆ ಅಂಥ ಖಾತ್ರಿ ಇಲ್ಲ. ತಣ್ಣೀರಿನಲ್ಲಿ ಎರಡು ಮೂರು ಸಲ ತೊಳೆದು, ಅಂಗೈಯಲ್ಲಿ ಒತ್ತಿ ನೀರು ಬಸಿದು ಬಳಸಬೇಕು. ಹಾಗೇ ಹಾಕಿದರೆ ಬಿಸ್ಕತ್ತು ಒಳಗೆ ಗಟ್ಟಿಯಾಗುತ್ತದೆ. ಬೆಣ್ಣೆಯ ಬದಲು ತುಪ್ಪ ಹಾಕುವವರು ಅಳತೆಯನ್ನು ಐದನೇ ಒಂದು ಭಾಗ ಇಳಿಸಬಹುದು, ತುಪ್ಪದಲ್ಲಿ ನೀರಿರುವುದಿಲ್ಲ.

ಬೆಲ್ಲ ಗಾಳಿಯ ತೇವ ಹೀರುತ್ತದೆ. ಬೆಲ್ಲದ ಕೇಕು ಎರಡನೆಯ ದಿನವೂ ಮೆತ್ತಗಿರುವುದು, ಬೆಲ್ಲದ ಬಿಸ್ಕತ್ತು ಸಕ್ಕರೆಯದರಷ್ಟು ಗರಿಗರಿಯಾಗದಿರುವುದು, ಎರಡಕ್ಕೂ ಕಾರಣ ಇದೇ.

ಸೋಡಾ ಮತ್ತು ಹುಳಿ

ಅಡುಗೆ ಸೋಡಾ ಕೆಲಸ ಮಾಡಲು ಹುಳಿ ಬೇಕು. ಮೊಸರು, ನಿಂಬೆರಸ, ಮಾವು ಇದ್ದರೆ ಸೋಡಾ ಅವುಗಳೊಡನೆ ಕೂಡಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಹಿಟ್ಟು ಉಬ್ಬುತ್ತದೆ. ಹುಳಿ ಸಾಲದಿದ್ದರೆ ಉಳಿದ ಸೋಡಾ ಸಾಬೂನಿನ ರುಚಿ ಕೊಡುತ್ತದೆ. ಬೇಕಿಂಗ್ ಪೌಡರ್‌ನಲ್ಲಿ ಹುಳಿಯೂ ಸೇರಿರುವುದರಿಂದ ಅದಕ್ಕೆ ಈ ಹಂಗಿಲ್ಲ. ಸುಮಾರಾಗಿ 100 ಗ್ರಾಂ ಹಿಟ್ಟಿಗೆ ಕಾಲು ಟೀ ಚಮಚ ಸೋಡಾ ಮತ್ತು ಅರ್ಧ ಬಟ್ಟಲು ಮೊಸರು, ಇಲ್ಲವೇ ಮುಕ್ಕಾಲು ಟೀ ಚಮಚ ಬೇಕಿಂಗ್ ಪೌಡರ್. ಸೋಡಾ ಹಾಕಿದ ಹಿಟ್ಟನ್ನು ತಡಮಾಡದೆ ಒಲೆಗೇರಿಸಬೇಕು, ತಡವಾದಷ್ಟೂ ಗಾಳಿ ಹೊರಹೋಗುತ್ತದೆ.

ಬೇಸಿಗೆ: ಮಾವು, ಹಲಸು

ಮಾವಿನ ಹಣ್ಣಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ನೀರು. ತಿರುಳನ್ನು ಹಾಗೇ ಹಾಕಿದರೆ ಕೇಕು ನಡುವೆ ಹಸಿಯಾಗಿ ಕೂರುತ್ತದೆ. 250 ಗ್ರಾಂ ತಿರುಳನ್ನು ಸಣ್ಣ ಉರಿಯಲ್ಲಿ ಕೈಯಾಡಿಸುತ್ತ 180 ಗ್ರಾಂಗೆ ಇಳಿಸಿ, ಪೂರ್ತಿ ಆರಿಸಿ ಬಳಸಬೇಕು. ನಾರಿನ ನಾಟಿ ಹಣ್ಣಾದರೆ ಜರಡಿ ಹಿಡಿಯಬೇಕು. ಸಿಹಿ ಗಟ್ಟಿಯಾಗಿರುವುದರಿಂದ ಸಕ್ಕರೆಯನ್ನು ಮಾಮೂಲಿಗಿಂತ ಕಾಲು ಭಾಗ ಇಳಿಸಬಹುದು.

ಹಲಸಿನ ತೊಳೆಯನ್ನು ಹೆಚ್ಚಿ, ಬೆಲ್ಲ ಹಾಕಿ, ಬಾಣಲೆಯ ತಳ ಬಿಡುವಷ್ಟು ಕಾಯಿಸಿಟ್ಟುಕೊಂಡರೆ ಹಣ್ಣು ಮುಗಿದ ಮೇಲೂ ಕೆಲವು ವಾರ ಫ್ರಿಜ್‌ನಲ್ಲಿ ಉಳಿಯುತ್ತದೆ. ಅದರ ವಾಸನೆ ಜೋರು, 200 ಗ್ರಾಂ ಹಿಟ್ಟಿಗೆ 100 ಗ್ರಾಂ ಪಾಕ ಸಾಕು. ಏಪ್ರಿಲ್ ಬಿಸಿಲಿನಲ್ಲಿ ಬೆಣ್ಣೆ ಕರಗಿ ಬಿಸ್ಕತ್ತು ತಟ್ಟೆಯಲ್ಲಿ ಹರಡುತ್ತದೆ. ತಟ್ಟಿದ ಬಿಸ್ಕತ್ತನ್ನು 20 ನಿಮಿಷ ಫ್ರಿಜ್‌ನಲ್ಲಿಟ್ಟು ಆಮೇಲೆ ಬೇಯಿಸಿದರೆ ಆಕಾರ ನಿಲ್ಲುತ್ತದೆ.

ಮುಂಗಾರು: ನೇರಳೆ, ಹಸಿ ಮೆಕ್ಕೆಜೋಳ

ನೇರಳೆಯ ನೇರಳೆ ಬಣ್ಣ ಸೋಡಾಕ್ಕೆ ಹೆದರುತ್ತದೆ: ಹುಳಿ ಇದ್ದಾಗ ಕೆಂಪು, ಸೋಡಾ ತಾಗಿದರೆ ಮಂಕು ನೀಲಿ. ಹಾಗಾಗಿ ಇದಕ್ಕೆ ಬೇಕಿಂಗ್ ಪೌಡರ್ ಬಳಸಿ, ತಿರುಳಿಗೆ ಒಂದು ಚಮಚ ನಿಂಬೆರಸ ಹಿಂಡಬೇಕು. ಒಗರು ಇರುವುದರಿಂದ ಕೇಕಿನ ಹಿಟ್ಟಿಗೆ ಕಲಸುವುದಕ್ಕಿಂತ, ಸಕ್ಕರೆಯೊಡನೆ ಕಾಯಿಸಿ ಬಿಸ್ಕತ್ತಿನ ನಡುವಿನ ಗುಳಿಗೆ ತುಂಬಿದರೆ ಚೆನ್ನ.

ಮೆಕ್ಕೆಜೋಳದ ಜಿಲ್ಲೆಯಲ್ಲಿ ಕೇಕಿಗೆ ಒದಗುವ ಹಂಗಾಮು ಆಗಸ್ಟ್ ಕೊನೆ, ಸೆಪ್ಟೆಂಬರ್. ಜೂನಿನಲ್ಲಿ ಬಿತ್ತಿದ ಬೆಳೆಯ ತೆನೆ ಆಗ ಹಾಲುಗಾಳಿನ ಹಂತದಲ್ಲಿರುತ್ತದೆ, ಉಗುರಿನಿಂದ ಒತ್ತಿದರೆ ಬಿಳಿ ಹಾಲು ಚಿಮ್ಮುತ್ತದೆ. ತೆನೆ ಕಿತ್ತ ಗಳಿಗೆಯಿಂದಲೇ ಕಾಳಿನ ಸಕ್ಕರೆ ಪಿಷ್ಟವಾಗತೊಡಗುವುದರಿಂದ ಅಂದೇ ರುಬ್ಬಬೇಕು.

ಅಳತೆ: 300 ಗ್ರಾಂ ಹಸಿ ಕಾಳು (ನೀರು ಹಾಕದೆ ತರಿತರಿಯಾಗಿ ರುಬ್ಬಿದ್ದು), 100 ಗ್ರಾಂ ಚಿರೋಟಿ ರವೆ, 120 ಗ್ರಾಂ ಬೆಲ್ಲದ ಪುಡಿ, 50 ಗ್ರಾಂ ಕಾಯಿತುರಿ, 50 ಗ್ರಾಂ ತುಪ್ಪ, ಒಂದು ಟೀ ಚಮಚ ಬೇಕಿಂಗ್ ಪೌಡರ್, ಏಲಕ್ಕಿ, ಚಿಟಿಕೆ ಉಪ್ಪು. ಬೇಕಿಂಗ್ ಪೌಡರ್ ಬಿಟ್ಟು ಉಳಿದದ್ದನ್ನು ಕಲಸಿ 15 ನಿಮಿಷ ನೆನೆಸಿ, ಕೊನೆಗೆ ಪೌಡರ್ ಬೆರೆಸಿ 170 ಡಿಗ್ರಿಯಲ್ಲಿ 35–40 ನಿಮಿಷ ಬೇಯಿಸಬೇಕು. ಹಾಲು, ನೀರು ಯಾವುದೂ ಬೇಡ. ಸ್ಪಂಜಿನಂತೆ ಉಬ್ಬದು, ತವ್ಸೊಳಿಯ ಹಾಗೆ ಗಟ್ಟಿಯಾಗಿ ಕತ್ತರಿಸಲು ಬರುತ್ತದೆ.

ಹಿಂಗಾರು: ಸೀತಾಫಲ, ಸಿಹಿಗುಂಬಳ

ಬಯಲುಸೀಮೆಯ ಕಲ್ಲುಗುಡ್ಡಗಳ ಸೀತಾಫಲಕ್ಕೆ ಕಾವು ಆಗದು. ತಿರುಳು ಬಿಸಿಯಾದರೆ ಕಹಿಯಾಗುತ್ತದೆ. ಇದನ್ನು ಹಿಟ್ಟಿಗೆ ಸೇರಿಸದೆ, ಬೀಜ ತೆಗೆದ ತಿರುಳನ್ನು ಗಟ್ಟಿ ಕೆನೆಯೊಡನೆ ಕಲಸಿ, ಆರಿದ ಸಾದಾ ಕೇಕಿನ ನಡುವೆ ಹಚ್ಚಬೇಕು. ಅಂದೇ ತಿಂದು ಮುಗಿಸಬೇಕು.

ದೀಪಾವಳಿ ಹೊತ್ತಿನ ಸಿಹಿಗುಂಬಳದಲ್ಲಿ ನೂರಕ್ಕೆ 90 ಪಾಲು ನೀರು. ನೀರಿನಲ್ಲಿ ಬೇಯಿಸದೆ ಹಬೆಯಲ್ಲಿ ಬೇಯಿಸಿ, ತೆಳು ಬಟ್ಟೆಯಲ್ಲಿ ಅರ್ಧ ಗಂಟೆ ತೂಗುಹಾಕಿ ನೀರಿಳಿಸಬೇಕು. ಶುಂಠಿ, ಚಕ್ಕೆ, ಲವಂಗ ಇದಕ್ಕೆ ಒಗ್ಗುತ್ತವೆ.

ಚಳಿಗಾಲ: ಶುಂಠಿ, ಎಳ್ಳು, ಬಾಳೆ

ಶುಂಠಿ ಕೀಳುವ ಕಾಲಕ್ಕೆ ರಾಗಿ ಬಿಸ್ಕತ್ತು ಹೊಂದುತ್ತದೆ. 100 ಗ್ರಾಂ ರಾಗಿಹಿಟ್ಟನ್ನು ಹಸಿವಾಸನೆ ಹೋಗುವಂತೆ ಹುರಿದು ಆರಿಸಿ, 100 ಗ್ರಾಂ ಗೋಧಿಹಿಟ್ಟು, ಅರ್ಧ ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು ಸೇರಿಸಿ ಜರಡಿ ಹಿಡಿಯಬೇಕು. 100 ಗ್ರಾಂ ಬೆಣ್ಣೆ ಮತ್ತು 90 ಗ್ರಾಂ ಬೆಲ್ಲದ ಪುಡಿಯನ್ನು ತಿಳಿ ಬಣ್ಣ ಬರುವಷ್ಟು ನೊರೆಯಾಗಿ ಕಡೆದು, ಎರಡು ಟೀ ಚಮಚ ತುರಿದ ಶುಂಠಿ ಹಾಕಿ ಹಿಟ್ಟನ್ನು ಕೂಡಿಸಬೇಕು. ಕೂಡದಿದ್ದರೆ ಮಾತ್ರ ಒಂದೆರಡು ಚಮಚ ಹಾಲು. 160 ಡಿಗ್ರಿಯಲ್ಲಿ 15–18 ನಿಮಿಷ. ತೆಗೆದಾಗ ಮೆತ್ತಗಿರುತ್ತದೆ, ಆರಿದ ಮೇಲೆ ಗಟ್ಟಿಯಾಗುತ್ತದೆ. ರಾಗಿಯ ಕಂದು ಬಣ್ಣದಲ್ಲಿ ಸೀದದ್ದು ಕಣ್ಣಿಗೆ ಬೀಳುವುದಿಲ್ಲ, ಆದ್ದರಿಂದ ಗಡಿಯಾರ ನೋಡಿಯೇ ಇಳಿಸಬೇಕು.

ಸಂಕ್ರಾಂತಿಯ ಎಳ್ಳು–ಬೆಲ್ಲ ಉಳಿದರೆ ತರಿತರಿಯಾಗಿ ಕುಟ್ಟಿ ಇದೇ ಹಿಟ್ಟಿಗೆ ಶುಂಠಿಯ ಬದಲು ಹಾಕಬಹುದು. ಅದರಲ್ಲಿ ಬೆಲ್ಲವೂ, ಶೇಂಗಾ ಮತ್ತು ಕೊಬ್ಬರಿಯ ಎಣ್ಣೆಯೂ ಇರುವುದರಿಂದ ಬೆಲ್ಲ, ಬೆಣ್ಣೆ ಎರಡನ್ನೂ ಸ್ವಲ್ಪ ಇಳಿಸಬೇಕು.

ಬಾಳೆ ವರ್ಷವಿಡೀ ಸಿಗುತ್ತದೆ. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಿದ್ದ ಏಲಕ್ಕಿ ಬಾಳೆ ಕೇಕಿಗೆ ಸರಿ, ಅಷ್ಟರಲ್ಲಿ ಪಿಷ್ಟ ಸಕ್ಕರೆಯಾಗಿರುತ್ತದೆ. 200 ಗ್ರಾಂ ಗೋಧಿಹಿಟ್ಟು, 200 ಗ್ರಾಂ ಕಿವುಚಿದ ಹಣ್ಣು, 130 ಗ್ರಾಂ ಬೆಲ್ಲ, 100 ಮಿಲಿಲೀಟರ್ ಮೊಸರು, 80 ಮಿಲಿಲೀಟರ್ ಎಣ್ಣೆ, ಅರ್ಧ ಟೀ ಚಮಚ ಸೋಡಾ, ಅರ್ಧ ಟೀ ಚಮಚ ಬೇಕಿಂಗ್ ಪೌಡರ್. ಇದು ಕುಕ್ಕರ್‌ನಲ್ಲೂ ಕೈಕೊಡದ ಅಳತೆ, ಹೊಸಬರು ಇದರಿಂದಲೇ ಶುರುಮಾಡಬಹುದು.

ಇಡುವುದು, ಮಾರುವುದು

ತಾಜಾ ತಿರುಳಿನ ಕೇಕು ಬೇಸಿಗೆಯಲ್ಲಿ ಹೊರಗೆ ಒಂದು ದಿನ, ಫ್ರಿಜ್‌ನಲ್ಲಿ ನಾಲ್ಕು ದಿನ ತಾಳುತ್ತದೆ. ಬಿಸಿಯಿರುವಾಗ ಡಬ್ಬಿಗೆ ಹಾಕಿದರೆ ಹಬೆ ನೀರಾಗಿ ಬೂಸ್ಟು ಬರುತ್ತದೆ. ಬಿಸ್ಕತ್ತು ಗಾಳಿಯಾಡದ ಡಬ್ಬಿಯಲ್ಲಿ ಎರಡು ವಾರ ಇರುತ್ತದೆ. ಮಳೆಗಾಲದಲ್ಲಿ ಮೆತ್ತಗಾದರೆ 150 ಡಿಗ್ರಿಯಲ್ಲಿ ಐದಾರು ನಿಮಿಷ ಮತ್ತೆ ಕಾಯಿಸಬಹುದು.

ಮಾರಾಟಕ್ಕೆ ಇಳಿಯುವವರು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ ಎಫ್‌ಎಸ್‌ಎಸ್‌ಎಐ ನೋಂದಣಿ ಪಡೆಯಬೇಕು, ಮನೆಯಿಂದ ಮಾರುವವರಿಗೂ ವಿನಾಯಿತಿ ಇಲ್ಲ. ಪೊಟ್ಟಣದ ಮೇಲೆ ಸಾಮಾನುಗಳ ಪಟ್ಟಿ ಮತ್ತು ತಯಾರಿಸಿದ ದಿನ ಇರಬೇಕು. ಗೋಧಿ, ಹಾಲು, ಶೇಂಗಾ ಬಳಸಿದ್ದರೆ ಅಲರ್ಜಿ ಇರುವವರಿಗಾಗಿ ಎದ್ದು ಕಾಣುವಂತೆ ನಮೂದಿಸಬೇಕು. ಕಲಿಯುವವರಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳದ ಬೇಕರಿ ತರಬೇತಿ ಘಟಕವಿದೆ. ಹಿಟ್ಟು ಮತ್ತು ಬೇಕಿಂಗ್‌ನ ಸಂಶೋಧನೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐನಲ್ಲಿ ನಡೆಯುತ್ತದೆ.

ಗಿರಾಕಿ ಪ್ರತಿ ಸಲವೂ ಅದೇ ರುಚಿ ಬಯಸುತ್ತಾರೆ, ಹಣ್ಣು ಮಾತ್ರ ಪ್ರತಿ ವಾರವೂ ಬದಲಾಗುತ್ತದೆ. ಹಂಗಾಮಿನ ಮೊದಲ ಮಾವು ಹುಳಿ, ಕೊನೆಯದು ಸಿಹಿ ಮತ್ತು ನೀರು. ಅದಕ್ಕೆ ತಕ್ಕಡಿಯ ಪಕ್ಕ ಒಂದು ನೋಟ್‌ಬುಕ್ ಇಟ್ಟು ತಿಂಗಳು, ತಿರುಳಿನ ತೂಕ, ಹಾಕಿದ ಸಕ್ಕರೆ, ಬೇಯಲು ಹಿಡಿದ ಹೊತ್ತು ಬರೆದಿಟ್ಟುಕೊಂಡವರಿಗೆ ಮರುವರ್ಷ ಅದೇ ಹಣ್ಣು ಬಂದಾಗ ಅಳತೆಯನ್ನು ಹುಡುಕುವ ಕೆಲಸ ಇರುವುದಿಲ್ಲ, ತಿದ್ದುವ ಕೆಲಸವಷ್ಟೇ ಇರುತ್ತದೆ.